ಹಿತ್ತಲ ಕಾಕಾರ ಬೆಣ್ಣೆಹಣ್ಣಿನ ಗಿಡಗಳು

ಎಲೆಯೊಂದನ್ನು ಕಿತ್ತು, ಬೆರಳ ಸಂದಿಯಲ್ಲಿ ಹಿಸುಕಿ ಮೂಗಿನ ಹತ್ತಿರ ತಂದೆ. ಬಡೇಸೋಪಿನ ವಾಸನೆ. ಊಟವಾದ ಮೇಲೆ ಚಿಟಿಕೆ ಬಾಯಿಗೆ ಹಾಕಿಕೊಳ್ಳುತ್ತೇವಲ್ಲ, ಅದೇ ಬಡೇಸೋಪು. ಎದೆ ಧಸಕ್ಕೆಂದಿತು. ಹಿತ್ತಲ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ.

ಬ್ಯಾಂಕಿನ ಯಾವುದೋ ಕೆಲಸಕ್ಕೆಂದು ಬೆಂಗಳೂರಿಗೆ ಹೋಗಿದ್ದ ಮಗ ಬರುವಾಗ ಎರಡು ಸಸಿ ತಂದಿದ್ದ. ಸೇಡಂ ರಸ್ತೆಯ ನಮ್ಮ ಈ ಹೊಸ ಮನೆಯ ಹಿಂದೆ ಹತ್ತು ಹೆಜ್ಜೆ ಜಾಗವಿದೆ, ಅಲ್ಲಿ ಹಚ್ಚಬೇಕೆಂದು ಅವನ ಆಸೆ. "ಅವ್ವಾ, ಇದಕ್ಕ ಬೆಣ್ಣಿಹಣ್ಣು ಅಂತಾರ. ಎರಡು ಜಾತಿ ತಂದೀನಿ. ನೀ ಎಂದೂ ನೋಡಿರಲಿಕ್ಕಿಲ್ಲ ಬಿಡು," ಎಂದ. ಅವನಿಗೀಗ ನಲವತ್ತು ದಾಟಿದೆ. ಅವನು ನನ್ನ ಹೊಟ್ಟೆಯಲ್ಲಿ ಐದು ತಿಂಗಳ ಕೂಸಾಗಿದ್ದಾಗಲೇ ನಾನು ಈ ಗಿಡದ ಎರಡು ಜಾತಿಗಳನ್ನೂ ನೋಡಿದ್ದೆ, ಮುಟ್ಟಿದ್ದೆ, ಅವುಗಳ ಎಲೆಯನ್ನು ಒಂದು ಜೀವಕ್ಕೆ ಉಣಿಸಿಯೂ ಇದ್ದೆ... ಅದನ್ನು ಯಾರಿಗೂ ಹೇಳಿರಲಿಲ್ಲ. ಗಂಡನಿಗೂ ಹೇಳಿರಲಿಲ್ಲ.

ಅದು ನಿಜಾಮರ ಕಾಲ. ಗುಲ್ಬರ್ಗಾದ ಕಚೇರಿಗಳಲ್ಲಿ ಉರ್ದು, ಬಜಾರಿನಲ್ಲಿ ಅರ್ಧ ಉರ್ದು ಅರ್ಧ ಕನ್ನಡ, ಮನೆಯೊಳಗೆ ಅವರವರ ಮಾತು. ನಾನು ಕಮಲಾಪುರದವಳು. ನಮ್ಮಪ್ಪನದು ಬಾಳೆಯ ತೋಟ. ಕಮಲಾಪುರದ ಕೆಂಪು ಬಾಳೆ ಎಂದರೆ ಆಗಲೂ ಜನ ಹುಡುಕಿಕೊಂಡು ಬರುತ್ತಿದ್ದರು. ಹದಿನಾರು ತುಂಬಿದಾಗ ಗುಲ್ಬರ್ಗಾದ ಬ್ರಹ್ಮಪುರ ಓಣಿಯ ವ್ಯಾಪಾರಸ್ಥರ ಮನೆಗೆ ಸೊಸೆಯಾಗಿ ಬಂದೆ. ಮಾವ ತೀರಿಕೊಂಡಿದ್ದರು. ಗಂಡ ಬೆಳಗಾದರೆ ಜೋಳದ ಅಂಗಡಿಗೆ ಹೋಗಿ ದೀಪ ಹಚ್ಚಿದ ಮೇಲೆ ಮನೆಗೆ ಬರುತ್ತಿದ್ದರು. ಹಗಲೆಲ್ಲ ಮನೆಯಲ್ಲಿ ನಾನು, ನಮ್ಮತ್ತೆ, ಮತ್ತು ಅತ್ತೆಯ ಆಕಳು ಚಂದ್ರಿ. ಈ ಮೂವರಲ್ಲಿ ಮೊದಲ ಮರ್ಯಾದೆ ಚಂದ್ರಿಗೆ, ಎರಡನೆಯದು ಅತ್ತೆಗೆ. ಮೂರನೆಯ ಜಾಗಕ್ಕೆ ಪೈಪೋಟಿ ಇರಲಿಲ್ಲವಾದ್ದರಿಂದ ಅದು ನನಗೆ ಸುಲಭವಾಗಿ ಸಿಕ್ಕಿತು.

ನಮ್ಮ ಹಿತ್ತಲಿಗೂ ಪಕ್ಕದ ಮನೆಯ ಹಿತ್ತಲಿಗೂ ನಡುವೆ ಎದೆಮಟ್ಟದ ಮಣ್ಣಿನ ಗೋಡೆಯಿತ್ತು. ಬಾವಿ ಗೋಡೆಯ ನಡುವೆಯೇ ಇತ್ತು, ಅರ್ಧ ಅವರ ಕಡೆ, ಅರ್ಧ ನಮ್ಮ ಕಡೆ. ಆ ಮನೆಯಲ್ಲಿ ಒಬ್ಬರೇ ಇದ್ದರು. ಹೈದರಾಬಾದಿನ ಸರಕಾರಿ ತೋಟವೊಂದರಲ್ಲಿ ಮೂವತ್ತು ವರ್ಷ ದುಡಿದು, ಹೆಂಡತಿ ತೀರಿಹೋದ ಮೇಲೆ ಹಿರಿಯರ ಮನೆಗೆ ಮರಳಿದ್ದವರು. ವೈಷ್ಣವರು. ಅವರ ಮನೆಮಾತು ಮರಾಠಿ, ನಮ್ಮೊಂದಿಗೆ ನಮ್ಮದೇ ಕನ್ನಡ. ಹಣೆಯಲ್ಲಿ ನೆಟ್ಟಗಿನ ನಾಮ, ಒಗೆದು ಒಗೆದು ತೆಳ್ಳಗಾದ ಧೋತರ, ಮೊಣಕಾಲಿಗೆ ಸದಾ ಮೆತ್ತಿದ ಮಣ್ಣು. ಮನೆಯ ಮುಂಬಾಗಿಲಲ್ಲಿ ಅವರು ಕಂಡದ್ದೇ ಕಡಿಮೆ. ಓಣಿಯವರೆಲ್ಲ ಅವರನ್ನು ಹಿತ್ತಲ ಕಾಕಾ ಎನ್ನುತ್ತಿದ್ದರು. ನಾನೂ ಕಾಕಾರ ಎನ್ನುತ್ತಿದ್ದೆ.

ಆ ಹಿತ್ತಲಲ್ಲಿ ಎರಡು ಬೆಣ್ಣೆಹಣ್ಣಿನ ಗಿಡಗಳಿದ್ದವು. ಪರದೇಶದಿಂದ ಸರಕಾರಿ ತೋಟಕ್ಕೆ ಬಂದ ಸಸಿಗಳಲ್ಲಿ ಹೆಚ್ಚಿಗೆ ಉಳಿದವನ್ನು ಕಾಕಾ ತೋಟದ ಸಾಹೇಬರ ಅಪ್ಪಣೆ ಕೇಳಿ, ಹಸಿ ಗೋಣಿಯಲ್ಲಿ ಸುತ್ತಿ, ರೈಲಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದರಂತೆ. ತೋಟದಲ್ಲಿ ಅದಕ್ಕೆ ಮಖ್ಖನ್ ಫಲ ಎನ್ನುತ್ತಿದ್ದರಂತೆ. ಎರಡೂ ಬೇರೆ ಬೇರೆ ಜಾತಿ. ಒಂದರ ಎಲೆ ಹಿಸುಕಿದರೆ ಬಡೇಸೋಪಿನ ಘಮ, ಕಾಯಿ ಸಣ್ಣದು, ಸಿಪ್ಪೆ ತೆಳು. ಅದು ಬಡೇಸೋಪಿನ ಗಿಡ. ಇನ್ನೊಂದರ ಎಲೆಗೆ ಯಾವ ವಾಸನೆಯೂ ಇಲ್ಲ, ಕಾಯಿ ದಪ್ಪ, ಸಿಪ್ಪೆ ಒರಟು. ಅದು ಒರಟು ಗಿಡ. ಈ ಹೆಸರುಗಳನ್ನು ಇಟ್ಟವರು ಕಾಕಾರೇ. ಪುಸ್ತಕದಲ್ಲಿ ಬೇರೆ ಉದ್ದುದ್ದ ಹೆಸರುಗಳಿದ್ದವು, ಅವನ್ನು ಹೇಳುವಾಗ ಅವರಿಗೇ ನಾಲಿಗೆ ತೊಡರುತ್ತಿತ್ತು.

ಇಷ್ಟು ಸಣ್ಣ ಹಿತ್ತಲಿಗೆ ಎರಡು ಗಿಡ ಯಾಕೆಂದು ಒಂದು ದಿನ ನಮ್ಮತ್ತೆ ಬಾವಿಯ ಹತ್ತಿರ ನಿಂತು ಕೇಳಿದರು. ಕಾಕಾ ಸ್ವಲ್ಪ ನಾಚಿಕೊಂಡೇ ಹೇಳಿದರು: "ಏನ್ ಹೇಳ್ಲಿ ಅಕ್ಕಾರ, ಇದರ ಹೂವು ಇವತ್ತ ಮುಂಜಾನಿ ಹೆಣ್ಣಾಗಿ ಅರಳ್ತದ, ಮುಚ್ಚಿಕೊಳ್ತದ, ನಾಳಿ ಮಧ್ಯಾಹ್ನ ಗಂಡಾಗಿ ಅರಳ್ತದ. ಆ ಗಿಡದ್ದು ಇದಕ್ಕ ಉಲ್ಟಾ. ಒಂದೇ ಇದ್ರ ಸಂಸಾರ ಆಗಂಗಿಲ್ರಿ." ಅತ್ತೆ "ಶಿವನೇ!" ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಗಿಡಗಳು ಗೋಡೆಗಿಂತ ಎತ್ತರ ಬೆಳೆದಿದ್ದವು, ಹೂವೂ ಬಿಡುತ್ತಿದ್ದವು. ಕಾಯಿ ಮಾತ್ರ ನಿಲ್ಲುತ್ತಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ, ಕಾಕಾನದು ಮದ್ದೂ ಅಲ್ಲ ಹಣ್ಣೂ ಅಲ್ಲ ಎಂದು ಓಣಿಯ ಜನ ನಗುತ್ತಿದ್ದರು. ನಾನು ಬಂದ ವರ್ಷದ ಮಳೆಗಾಲದಲ್ಲಿ ಒರಟು ಗಿಡದ ಎಲೆಯ ತುದಿಗಳು ಕಂದಿ ಜೋತುಬಿದ್ದವು. ನೀರು ಸೇದುವಾಗಲೆಲ್ಲ ನೋಡುತ್ತಿದ್ದೆ. ಗುಲ್ಬರ್ಗಾದ ಕರಿ ಎರೆಮಣ್ಣು ಜೋಳಕ್ಕೆ ತಾಯಿ, ಇಂಥ ಗಿಡಕ್ಕೆ ಮಲತಾಯಿ. ನೀರು ಹಿಡಿದಿಟ್ಟುಕೊಂಡು ಬೇರು ಕೊಳೆಸುತ್ತದೆ. ಬಾಳೆ ತೋಟದಲ್ಲಿ ಬೆಳೆದವಳಿಗೆ ಅದು ಹೇಳಿಕೊಡಬೇಕಾದ ಮಾತಲ್ಲ. ಹೊಸ ಸೊಸೆ ನೆರೆಮನೆಯ ಗಂಡಸಿನೊಂದಿಗೆ ಮಾತಾಡಬಾರದೆಂಬ ಕಟ್ಟಳೆ ಇದ್ದರೂ ಒಂದು ದಿನ ತಡೆಯಲಾಗಲಿಲ್ಲ. "ಕಾಕಾರ, ಬುಡದಾಗ ನೀರ ನಿಂತದ್ರಿ. ನಮ್ಮೂರ ಮಸಾರಿ ಮಣ್ಣ ತರಸ್ರಿ," ಎಂದುಬಿಟ್ಟೆ.

ಅವರು ನನ್ನನ್ನು ಗದರಲಿಲ್ಲ. ಆ ಮಣ್ಣು ಹೇಗಿರುತ್ತದೆ, ಎಷ್ಟು ಆಳ, ಕೆಳಗೆ ಕಲ್ಲು ಸಿಗುತ್ತದೆಯೋ ಎಂದೆಲ್ಲ ಕೇಳಿದರು. ಮುಂದಿನ ಸಲ ಅಪ್ಪ ಬಾಳೆಗೊನೆ ತಂದಾಗ ಜೊತೆಗೆ ಎರಡು ಬಂಡಿ ಕೆಂಪು ಮಸಾರಿ ಮಣ್ಣನ್ನೂ ತಂದ. ಕಾಕಾ ಆ ಮಣ್ಣನ್ನು ಹಿಡಿಯಲ್ಲಿ ಹಿಂಡಿದರು, ಬಿಟ್ಟರು, ಮತ್ತೆ ಹಿಂಡಿದರು, ಆಮೇಲೆ ನಮ್ಮಪ್ಪನ ಕೈ ಹಿಡಿದುಕೊಂಡರು. ಎರಡೂ ಗಿಡಗಳ ಬುಡ ಬಿಡಿಸಿ, ಕೆಂಪು ಮಣ್ಣು ತುಂಬಿ, ದಿಬ್ಬ ಏರಿಸಿ, ನೀರು ಹೊರಗೆ ಹೋಗಲು ಕಾಲುವೆ ತೆಗೆದರು. ಒರಟು ಗಿಡ ಬದುಕಿತು. ಮರುವರ್ಷ ಬಡೇಸೋಪಿನ ಗಿಡದಲ್ಲಿ ಹನ್ನೊಂದು, ಒರಟು ಗಿಡದಲ್ಲಿ ನಾಲ್ಕು ಕಾಯಿ ನಿಂತವು.

ಇನ್ನು ಹಣ್ಣಾಗಬೇಕಲ್ಲ! ಮಾವಿನಂತೆ ಗಿಡದಲ್ಲೇ ಮೆತ್ತಗಾಗುತ್ತದೆಂದು ಕಾಕಾ ದಿನವೂ ಹೋಗಿ ಒತ್ತಿ ನೋಡುತ್ತಿದ್ದರು. ತಿಂಗಳು ಕಳೆದರೂ ಕಲ್ಲಿನಂತೇ ಇದ್ದವು. ಅತ್ತೆ ಒಂದನ್ನು ಬದನೆಕಾಯಿಯಂತೆ ಹೆಚ್ಚಿ ಪಲ್ಯ ಮಾಡಿದರು. ಬೇವಿನಷ್ಟು ಕಹಿ! ಚಂದ್ರಿಗೂ ಹಾಕದೆ ತಿಪ್ಪೆಗೆ ಎಸೆದೆವು. ಆಗ ನಾನು ಒಂದನ್ನು ಕಿತ್ತುಕೊಡಿರೆಂದು ಕೇಳಿ, ಜೋಳದ ಬುಟ್ಟಿಯಲ್ಲಿ ಹೂತು, ಪಕ್ಕದಲ್ಲಿ ಹಣ್ಣಾಗುತ್ತಿದ್ದ ಒಂದು ಕೆಂಪು ಬಾಳೆಹಣ್ಣನ್ನೂ ಇಟ್ಟೆ. ಬಾಳೆಕಾಯಿಯನ್ನು ಹಣ್ಣು ಮಾಡಲು ಹುಲ್ಲಿನಲ್ಲಿ ಅಡಿ ಹಾಕುವಾಗ ನಮ್ಮಜ್ಜಿ ಹಣ್ಣಿನ ಜೊತೆ ಇದ್ದರೆ ಕಾಯೂ ಹಣ್ಣಾಗುತ್ತದೆ ಎನ್ನುತ್ತಿದ್ದಳು. ಐದನೆಯ ದಿನ ಒತ್ತಿದರೆ ಬೆರಳು ಒಳಗೆ ಹೋಯಿತು. ಕಾಕಾ ಅದನ್ನು ಹೋಳು ಮಾಡಿ, ಬಿಸಿ ಜೋಳದ ರೊಟ್ಟಿಗೆ ಸವರಿ, ಮೇಲೆ ಶೇಂಗಾ ಹಿಂಡಿಯ ಚಟ್ನಿಪುಡಿ ಉದುರಿಸಿ ತಿಂದರು. ತಿನ್ನುವಾಗ ಕಣ್ಣಲ್ಲಿ ನೀರು ಬಂತು. ಹಿಂಡಿಯ ಖಾರಕ್ಕೆ ಎಂದರು. ಅತ್ತೆ ಬೆಲ್ಲ ಹಚ್ಚಿ ತಿಂದು, ರುಚಿಯೇ ಇಲ್ಲ ಎಂದು ತೀರ್ಪು ಕೊಟ್ಟು, ಮತ್ತೊಂದು ಹೋಳಿಗೆ ಕೈ ಚಾಚಿದರು.

"ಮೂವತ್ತು ವರ್ಷ ಸರಕಾರಿ ತೋಟದಾಗ ದುಡದ್ರೂ ಇದು ನನಗ ತಿಳೀಲಿಲ್ಲ ನೋಡವ್ವಾ," ಎಂದು ಕಾಕಾ ನನ್ನ ಮುಂದೆ ತಲೆ ಅಲ್ಲಾಡಿಸಿದರು. ನನ್ನ ತಲೆ ತಿರುಗಿದ್ದು ಅಲ್ಲಿಂದಲೇ. ಹದಿನೇಳು ವರ್ಷದವಳನ್ನು ಅರವತ್ತು ದಾಟಿದವರು ಹೊಗಳಬಾರದು. ಹೊಗಳಿದರೆ ಅವಳು ಅವರ ಬುದ್ಧಿವಾದವನ್ನು ಕೇಳುವುದಿಲ್ಲ.

ಅವರು ಹೇಳಿದ ಬುದ್ಧಿವಾದ ಒಂದೇ. "ಅವ್ವಾ, ಹಣ್ಣು ತಿನ್ನು, ಬೀಜ ಹಚ್ಚು. ಎಲಿ ಮಾತ್ರ ದನದ ಬಾಯಿಗೆ ಹಾಕಬ್ಯಾಡ. ಪರದೇಶದ ಗಿಡ, ಇದರ ಗುಣ ನನಗ ಪೂರಾ ಗೊತ್ತಿಲ್ಲ." ಉದುರಿದ ಎಲೆಗಳನ್ನೆಲ್ಲ ಅವರು ಗುಂಡಿಯಲ್ಲಿ ಹೂಳುತ್ತಿದ್ದರು. ಕತ್ತರಿಸಿದ ಟೊಂಗೆಗಳನ್ನು ಒಣಗಿಸಿ ನೀರು ಕಾಯಿಸಲು ಸುಡುತ್ತಿದ್ದರು. ನೋಡಿದಾಗಲೆಲ್ಲ ನನಗೆ ಸಂಕಟ. ನಮ್ಮ ತೋಟದ ಮನೆಯಲ್ಲಿ ಹಸಿರನ್ನು ಒಣಗಲು ಬಿಡುವವರೇ ಇಲ್ಲ. ಗೊನೆ ಇಳಿಸಿದ ಬಾಳೆದಿಂಡನ್ನೂ ಕೊಚ್ಚಿ ದನಕ್ಕೆ ಹಾಕುತ್ತಿದ್ದೆವು.

ಆದ್ದರಿಂದ ನಾನು ಪರೀಕ್ಷೆ ಮಾಡಿದೆ. ಗೋಡೆಯ ಮೇಲಿಂದ ಕೈಗೆ ಸಿಗುತ್ತಿದ್ದ ಬಡೇಸೋಪಿನ ಗಿಡದ ನಾಲ್ಕು ಎಲೆ ಕಿತ್ತು ಚಂದ್ರಿಗೆ ಕೊಟ್ಟೆ. ತಿಂದಳು. ಮರುದಿನ ಹಿಡಿಯಷ್ಟು ಕೊಟ್ಟೆ. ತಿಂದು, ಕೈ ನೆಕ್ಕಿ, ಮತ್ತೆ ಕೇಳಿದಳು. ಏನೂ ಆಗಲಿಲ್ಲ. ಒಂದು ವರ್ಷ ಹೀಗೇ ನಡೆಯಿತು. "ಹಾಲು ಘಮ್ಮ ಅಂತದಲ್ಲ ಈಚೀಗೆ," ಎಂದು ಅತ್ತೆ ಮೆಚ್ಚಿಕೊಂಡರು. ನಾನು ಬಾಯಿ ಬಿಡಲಿಲ್ಲ. ಕಾಕಾ ಸುಮ್ಮನೆ ಹೆದರುತ್ತಾರೆ, ಅವರ ಗಿಡದ ಗುಣ ಅವರಿಗಿಂತ ನನಗೆ ಚೆನ್ನಾಗಿ ಗೊತ್ತು ಎಂದು ಮನಸ್ಸಿನಲ್ಲೇ ಬೀಗುತ್ತಿದ್ದೆ.

ಆ ಬೇಸಿಗೆಯಲ್ಲಿ ನಾನು ಐದು ತಿಂಗಳ ಬಸುರಿ. ಹಸಿ ಮೇವು ಎಲ್ಲೂ ಇರಲಿಲ್ಲ. ಜೋಳದ ಒಣ ದಂಟಿನ ಕಣಕಿಯನ್ನು ಚಂದ್ರಿ ಮೂಸಿ ಬಿಡುತ್ತಿದ್ದಳು. ಒಂದು ಮಧ್ಯಾಹ್ನ ಕಾಕಾ ನಮ್ಮ ಗೋಡೆಯ ಮೇಲೆ ಭಾರ ಹಾಕಿದ್ದ ಒರಟು ಗಿಡದ ಎರಡು ಟೊಂಗೆ ಕಡಿದು, ಗೋಡೆಗೆ ಆನಿಸಿಟ್ಟು, ಪುರಾಣ ಕೇಳಲು ಹೋದರು. ಅತ್ತೆ ಮಲಗಿದ್ದರು. ಕಣ್ಣ ಮುಂದೆ ಅಷ್ಟು ಹಸಿರು! ನಾನು ಎರಡು ತೋಳು ತುಂಬ ಎಲೆ ಸವರಿ ತಂದು ಗೋದಲಿಗೆ ಸುರಿದೆ. ಈ ಎಲೆಗೆ ವಾಸನೆ ಇಲ್ಲವೆಂದು ನನಗೆ ಗೊತ್ತಾಗಲಿಲ್ಲವೇ? ಗೊತ್ತಾಯಿತು. ಎಲೆ ಎಲೆಯೇ ಅಲ್ಲವೇ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಅತ್ತೆ ಹಾಲು ಕರೆಯಲು ಕುಳಿತವರು ಕೂಗಿಕೊಂಡರು. ಕೆಚ್ಚಲು ಬಿಗಿದು ಸುಡುತ್ತಿತ್ತು. ನಾಲ್ಕು ಮೊಲೆ ಹಿಂಡಿದರೂ ಒಂದು ಬಟ್ಟಲು ಹಾಲಿಲ್ಲ. ದೃಷ್ಟಿಯಾಗಿದೆ ಎಂದು ಮೆಣಸಿನಕಾಯಿ ಸುಟ್ಟರು. ಸಂಜೆಗೆ ಚಂದ್ರಿಯ ದವಡೆಯ ಕೆಳಗಿಂದ ಕೊರಳಲ್ಲಿ ಜೋಲುವ ಗಂಗೆದೊಗಲಿನವರೆಗೆ ಬಾವು ಬಂದು, ಉಸಿರಾಡಿದರೆ ಇಡೀ ಮೈ ಅಲುಗುತ್ತಿತ್ತು. ಗೋದಲಿಯಲ್ಲಿ ಉಳಿದ ಕಡ್ಡಿಗಳನ್ನು ತೆಗೆದು ಎಸೆಯೋಣವೆಂದು ಹೋದರೆ ಗೋದಲಿ ಸ್ವಚ್ಛವಾಗಿತ್ತು. ಆಕಳೇ ತಿಂದಿದೆ ಎಂದುಕೊಂಡೆ. ಮೂರನೆಯ ದಿನ ಸೂರ್ಯ ಏರುವಷ್ಟರಲ್ಲಿ ಚಂದ್ರಿ ಕಾಲು ಚಾಚಿಬಿಟ್ಟಳು.

ಆ ಕಾಲದಲ್ಲಿ ನಮ್ಮ ಓಣಿಯಲ್ಲಿ ಆಕಳು ಸತ್ತರೆ ಅದು ಒಂದು ಮನೆಯ ದುಃಖವಾಗಿ ಉಳಿಯುತ್ತಿರಲಿಲ್ಲ. ಹೇಗೆ ಸತ್ತಿತು ಎಂದು ಹತ್ತು ಜನ ಬಂದು ಕೇಳುತ್ತಿದ್ದರು. ದನದ ವೈದ್ಯ ಬಂದು ಬಾಯಿ ತೆರೆಸಿ, ದವಡೆಯ ಸಂದಿಯಿಂದ ಅರೆದ ಎಲೆ ತೆಗೆದು ಅಂಗೈ ಮೇಲೆ ಹರಡಿದ. "ಇದು ನಮ್ಮ ಸೀಮಿ ಎಲಿ ಅಲ್ರಿ," ಎಂದ. ಎಲ್ಲರ ಕಣ್ಣೂ ಗೋಡೆಯ ಮೇಲಿನ ಗಿಡಗಳತ್ತ ಹೋದವು. ನನ್ನ ಗಂಡನ ದೊಡ್ಡಪ್ಪ ಅಲ್ಲೇ ನಿಂತಿದ್ದರು. ಅವರ ಮಾತು ಎಂದರೆ ಮನೆತನಕ್ಕೆ ಕಡೆಯ ಮಾತು. "ಯಾರ್ ಹಾಕಿದ್ರು? ಮನಿ ಹೆಣ್ಣಮಕ್ಕಳ ಕೆಲಸ ಆಗಿದ್ರ, ಗೋವು ಕೊಂದ ಕೈಯ ನೀರು ನಾವ್ಯಾರೂ ಮುಟ್ಟಂಗಿಲ್ಲ. ಅಂಥಾಕಿ ಈ ಮನ್ಯಾಗ ಇರೂದೂ ಬ್ಯಾಡ," ಎಂದರು.

ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದೆ. ಕಮಲಾಪುರಕ್ಕೆ ಕಳಿಸುತ್ತಾರೆ. ಹೊಟ್ಟೆಯಲ್ಲಿ ಕೂಸು ಹೊತ್ತು, ಗೋವು ಕೊಂದವಳೆಂಬ ಹೆಸರೂ ಹೊತ್ತು ಅಪ್ಪನ ಅಂಗಳದಲ್ಲಿ ಇಳಿಯಬೇಕು. ಕೂಸು ಹುಟ್ಟಿದ ಮೇಲೆ ಅದನ್ನಾದರೂ ಯಾರು ಮನೆಗೆ ಕರೆಯುತ್ತಾರೆ? ಇಷ್ಟೇ ತಲೆಯಲ್ಲಿ ತಿರುಗುತ್ತಿತ್ತು. ಚಂದ್ರಿಯ ನೆನಪೂ ಬರಲಿಲ್ಲ.

ಆಗ ಕಾಕಾ ಮುಂಬಾಗಿಲಿನಿಂದ ಬಂದರು. ಅವರು ಆ ಬಾಗಿಲಿನಿಂದ ನಮ್ಮ ಮನೆಗೆ ಬಂದದ್ದು ಅದೊಂದೇ ಸಲ. ತಲೆಯ ಮೇಲೆ ರುಮಾಲು ಇರಲಿಲ್ಲ. "ನಾ ಹಾಕೀನಿ," ಎಂದರು. "ಟೊಂಗಿ ಕಡದು ಗೋಡಿ ಮ್ಯಾಲಿಂದ ನಾನೇ ಒಗದೀನಿ. ಹಸಿರು ಹಾಳಾಗ್ತದ ಅಂತ."

ಹಸಿರು ಹಾಳಾಗುತ್ತದೆಂದು! ನನ್ನ ಮನಸ್ಸಿನ ಮಾತು ಅವರ ಬಾಯಿಂದ ಬಂದಾಗ ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಎಲೆಯೊಂದನ್ನು ದನದ ಬಾಯಿಗೆ ಹಾಕಬೇಡ ಎಂದವರು, ಸಾವಿರ ಎಲೆ ಹೂತವರು, ಹತ್ತು ಜನರ ನಡುವೆ ನಿಂತು ಸುಳ್ಳು ಹೇಳುತ್ತಿದ್ದರು. ನಾನು ಹೊರಗೆ ಬಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಸ್ವರ ಬರಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ನಾನು ಬರಗೊಡಲಿಲ್ಲ.

ಕಾಕಾರ ಮಂದಿಯ ಹಿರಿಯರು ಕೂಡಿದರು. ಗೊತ್ತಿಲ್ಲದೆ ಆದದ್ದು, ವಯಸ್ಸಾದವರು, ಪಂಚಗವ್ಯ ಕುಡಿದು ನಾಲ್ಕು ಜನರಿಗೆ ಊಟ ಹಾಕಿಸಿದರೆ ಸಾಕೆಂದರಂತೆ. ಕಾಕಾ ಒಪ್ಪಲಿಲ್ಲವಂತೆ. ಹಳೆಯ ಪದ್ಧತಿಯಂತೆ ಹಗ್ಗದ ಪ್ರಾಯಶ್ಚಿತ್ತವೇ ಆಗಲಿ ಎಂದರಂತೆ. ಆ ಪದ್ಧತಿಯ ಹೆಸರನ್ನು ನಾನು ಕೇಳಿದ್ದೆ, ಕಣ್ಣಾರೆ ಕಂಡಿರಲಿಲ್ಲ. ಓಣಿಯ ಮುದುಕರೂ ಕಂಡಿರಲಿಲ್ಲ.

ಸತ್ತ ಆಕಳ ಕೊರಳ ಹಗ್ಗವನ್ನು ತನ್ನ ಕೊರಳಿಗೆ ಹಾಕಿಕೊಳ್ಳಬೇಕು. ಹನ್ನೆರಡು ದಿನ ಮನುಷ್ಯರ ಮಾತು ಆಡಬಾರದು. ಮನೆ ಮನೆಯ ಬಾಗಿಲಲ್ಲಿ ನಿಂತು ಆಕಳಂತೆ ಕೂಗಿ ಭಿಕ್ಷೆ ಕೇಳಬೇಕು. ಹಾಕಿದ್ದನ್ನು ತಿನ್ನಬೇಕು, ಹಾಕದಿದ್ದರೆ ಮುಂದೆ ಹೋಗಬೇಕು.

ನಾಲ್ಕನೆಯ ದಿನ ನಮ್ಮ ಬಾಗಿಲಿಗೆ ಬಂದರು. ನಾನು ಜೋಳ ಕೇರುತ್ತಿದ್ದೆ. ಹೊರಗೆ ಆಕಳು ಕೂಗಿದಂತಾಯಿತು. ಚಂದ್ರಿ ಎಂದೇ ನನ್ನ ಮೈ ಜುಮ್ಮೆಂದ ಆ ಕ್ಷಣ ಇವತ್ತಿಗೂ... ಅತ್ತೆ ಮೊರದಲ್ಲಿ ಜೋಳ ತುಂಬಿ ನನ್ನ ಕೈಗೆ ಕೊಟ್ಟರು. "ನೀನೇ ಹಾಕು," ಎಂದರು. ಹೊಸ್ತಿಲಿಗೆ ಬಂದೆ. ಬಿಸಿಲಲ್ಲಿ ಕಾಕಾ ನಿಂತಿದ್ದರು, ಹೆಗಲ ಮೇಲೆ ಕಂಬಳಿ, ಕೊರಳಲ್ಲಿ ನಾನು ದಿನಾ ಬಿಚ್ಚಿ ಕಟ್ಟುತ್ತಿದ್ದ ಅದೇ ಹಗ್ಗ. ಹಗ್ಗ ಉಜ್ಜಿದ ಕಡೆ ಚರ್ಮ ಕೆಂಪಾಗಿತ್ತು. ನಾಲ್ಕಾರು ಹುಡುಗರು ಹಿಂದೆ ನಿಂತು ಅವರ ಕೂಗನ್ನು ಅಣಕಿಸುತ್ತಿದ್ದರು. ಕಾಕಾ ಕಣ್ಣೆತ್ತಿ ನನ್ನನ್ನು ನೋಡಲಿಲ್ಲ. ಮತ್ತೊಮ್ಮೆ ಕೂಗಿದರು. ಹೂವು ಯಾವಾಗ ಹೆಣ್ಣು ಯಾವಾಗ ಗಂಡು ಎಂದು ನಾಚಿಕೊಂಡು ವಿವರಿಸಿದ್ದ ಗಂಟಲು ಅದು. ನಾನು ಅವರ ಜೋಳಿಗೆಗೆ ಜೋಳ ಸುರಿದೆ. ಅರ್ಧ ನೆಲಕ್ಕೆ ಬಿತ್ತು. ಅವರು ಬಗ್ಗಿ ಕಾಳು ಕಾಳಾಗಿ ಆರಿಸಿಕೊಂಡರು. ನಾನು ಬಗ್ಗಿ ಆರಿಸಿಕೊಡಲೂ ಇಲ್ಲ.

ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ನಾನು ಮಾಡಿದ್ದನ್ನು ಅವರು ಉಂಡರು.

ಹನ್ನೆರಡು ದಿನ ಮುಗಿದ ಮೇಲೆ ಗಾಣಗಾಪುರದ ಸಂಗಮಕ್ಕೆ ಹೋಗಿ ಮುಳುಗಿ ಬಂದರು. ಬಂದ ಮರುದಿನ ಬೆಳಿಗ್ಗೆ ಹಿತ್ತಲಿಂದ ಕೊಡಲಿಯ ಸದ್ದು ಕೇಳಿಸಿತು. ಓಡಿಹೋಗಿ ನೋಡಿದರೆ ಒರಟು ಗಿಡ ಆಗಲೇ ನೆಲಕ್ಕೆ ಬಿದ್ದಿತ್ತು. ಕಾಕಾ ಬಡೇಸೋಪಿನ ಗಿಡದ ಮುಂದೆ ನಿಂತಿದ್ದರು. ಆ ಗಿಡದಲ್ಲಿ ವಿಷವಿಲ್ಲ! ಒಂದು ವರ್ಷ ಅದರ ಎಲೆ ತಿಂದೂ ಚಂದ್ರಿ ಗಟ್ಟಿಯಾಗಿದ್ದಳು. ಈ ಲೋಕದಲ್ಲಿ ಅದು ಗೊತ್ತಿದ್ದವಳು ನಾನೊಬ್ಬಳೇ. ಗೋಡೆಯ ಈಚೆಯಿಂದ, ಇದನ್ನು ಬಿಡಿ ಕಾಕಾರ, ಇದು ಒಳ್ಳೆಯ ಜಾತಿ ಎಂದರೆ ಸಾಕು. ಆದರೆ ನಿನಗೆ ಹೇಗೆ ಗೊತ್ತು ಎಂದು ಕೇಳಿದರೆ?

"ಕಾಕಾರ..." ಎಂದೆ.

ಅವರು ತಿರುಗಿದರು. "ಒಳಗ ಹೋಗವ್ವಾ. ಬಿಸಿಲಾಗ ನಿಂದರಬ್ಯಾಡ," ಎಂದರು. ಹನ್ನೆರಡು ದಿನ ಕೂಗಿ ದನಿ ಒಡೆದುಹೋಗಿತ್ತು. ನಾನು ಒಳಗೆ ಹೋದೆ. ನಾನು ಒಲೆ ಹಚ್ಚುವುದರೊಳಗೆ ಎರಡನೆಯ ಗಿಡವೂ ಬಿತ್ತು. ಹಿತ್ತಲಲ್ಲಿ ಹಬ್ಬಿದ ಬಡೇಸೋಪಿನ ವಾಸನೆ ಅಡುಗೆಮನೆಯವರೆಗೂ ಬಂತು. ಹೊಗೆಗೆ ಕಣ್ಣುರಿಯುತ್ತದೆಂದು ಹೇಳಿಕೊಂಡು ಅತ್ತೆಯ ಎದುರಿಗೇ ಅತ್ತುಬಿಟ್ಟೆ.

ಆ ಮಳೆಗಾಲಕ್ಕೆ ಮೊದಲೇ ಕಾಕಾ ಮನೆಗೆ ಬೀಗ ಹಾಕಿ ಸೋಲಾಪುರದ ತಂಗಿಯ ಮನೆಗೆ ಹೋದರು. ನನಗೆ ಗಂಡುಮಗು ಹುಟ್ಟಿತು. ತೊಟ್ಟಿಲ ದಿನ ಅವರಿಂದ ಒಂದು ಕಾರ್ಡು ಬಂತು, ಮಗುವಿಗೆ ಆಶೀರ್ವಾದ ಎಂದಷ್ಟೇ ಇತ್ತು. ಎರಡು ವರ್ಷದ ನಂತರ ಇನ್ನೊಂದು ಕಾರ್ಡು ಬಂತು. ಅದನ್ನು ಬರೆದವಳು ಅವರ ತಂಗಿ. ಕಾಕಾ ಹೋಗಿಬಿಟ್ಟಿದ್ದರು. ತಾನು ತಂದು ಬೆಳೆಸಿದ ಎರಡು ಜಾತಿಗಳಲ್ಲಿ ಒಂದು ನಿರಪರಾಧಿ ಎಂಬುದು ತಿಳಿಯದೆಯೇ ಹೋದರು.

ಮಗ ಶಾಲೆಗೆ ಹೋಗತೊಡಗಿದ ವರ್ಷ ಅತ್ತೆ ಹಾಸಿಗೆ ಹಿಡಿದರು. ಒಂದು ಮಧ್ಯಾಹ್ನ ಕಾಲು ಒತ್ತುತ್ತಿದ್ದಾಗ, ಕಣ್ಣು ಮುಚ್ಚಿಕೊಂಡೇ ಅಂದರು: "ಗೋದಲಿ ಸ್ವಚ್ಛ ಮಾಡಿದಾಕಿ ನಾನು."

ನನ್ನ ಕೈ ನಿಂತಿತು.

"ಕಡ್ಡಿ ನೋಡಿ ತಿಳೀತು ನನಗ. ಅವತ್ತ ದೀಪ ಹಚ್ಚೂ ಹೊತ್ತಿಗೆ ಕಾಕಾನ ಕಡೆ ಹೋದೆ. ಸೊಸಿ ಐದು ತಿಂಗಳಾಕಿ ಅದಾಳ, ಅಂದೆ. ಮುಂದ ಬಾಯಿ ಬರಲಿಲ್ಲ. ನೀವು ಮನಿಗಿ ನಡೀರಿ ಅಕ್ಕಾರ, ಅಂದ. ಸಣ್ಣ ಪ್ರಾಯಶ್ಚಿತ್ತ ಮಾಡಿದ್ರ ಮಂದಿ ಮತ್ತ ಮತ್ತ ಕೆದಕ್ತಾರ. ಹಗ್ಗ ಹಾಕ್ಕೊಂಡ ಪಾಪದ ಹೆಸರು ಯಾರೂ ಎತ್ತಬಾರದು ಅಂತ ಅವರ ಶಾಸ್ತ್ರದಾಗ ಅದ. ಅದಕ್ಕೇ ಹಗ್ಗ ಬೇಡಿದ. ನಾನೇ ಬಿಚ್ಚಿ ಕೊಟ್ಟೆ."

ಇಷ್ಟು ವರ್ಷ ಒಂದು ಮಾತು ಬೈಯಲಿಲ್ಲವಲ್ಲ ಎಂದೆ. "ಬೈದಿದ್ರ ನೀ ಅತ್ತು ಒಪ್ಕೊಂತಿದ್ದಿ. ಒಪ್ಕೊಂಡ್ರ ಹೊರಗ ಬರ್ತಿತ್ತು," ಎಂದರು. ಮತ್ತೆ, "ಅದಕ್ಕ ಜ್ವಾಳ ಮಾತ್ರ ನಿನ್ನ ಕೈಲೆ ಹಾಕಿಸಿದೆ," ಎಂದರು. ಆಮೇಲೆ ಇನ್ನೊಂದು ಕಾಲನ್ನು ಮುಂದೆ ಚಾಚಿದರು. ನಾನು ಒತ್ತುತ್ತಾ ಕುಳಿತೆ.

ಈಗ ಅವರ್ಯಾರೂ ಇಲ್ಲ. ಅತ್ತೆ ಹೋದರು, ಗಂಡ ಹೋದರು, ಬ್ರಹ್ಮಪುರದ ಆ ಎರಡೂ ಮನೆಗಳು ಬೇರೆಯವರ ಪಾಲಾಗಿವೆ. ನಾನು ಹೇಳಬಾರದೆಂದು ಕಟ್ಟಿಹಾಕಿದವರು ಒಬ್ಬರೂ ಉಳಿದಿಲ್ಲ. ಹೇಳಬೇಕಾಗಿದ್ದವರೂ ಉಳಿದಿಲ್ಲ.

ಅವತ್ತು ಮೆಟ್ಟಿಲ ಮೇಲೆ ಕುಳಿತವಳನ್ನು ಮಗನೂ ಸೊಸೆಯೂ ಹಿಡಿದೆಬ್ಬಿಸಿ ಒಳಗೆ ಕರೆತಂದರು. ಮೈಯಲ್ಲಿ ಹುಷಾರಿಲ್ಲವೇ ಎಂದು ಕೇಳಿದರು. ನಾನು ಹೇಳಿಬಿಟ್ಟೆ. ಮೊದಲಿಂದ ಕಡೆಯವರೆಗೆ, ಒಂದೂ ಬಿಡದೆ ಹೇಳಿದೆ. ಮಗನ ಮುಖವನ್ನೇ ನೋಡುತ್ತಿದ್ದೆ. ಅವನು ಹುಟ್ಟುವ ಮೊದಲೇ ಅವನಿಗಾಗಿ ಒಬ್ಬರು ಕೊರಳಿಗೆ ಹಗ್ಗ ಹಾಕಿಕೊಂಡಿದ್ದರು. ಅವನು ಬೆಚ್ಚಿಬೀಳುತ್ತಾನೆ, ಎದ್ದು ಹೋಗುತ್ತಾನೆ, ಏನಾದರೂ ಅನ್ನುತ್ತಾನೆ ಎಂದು ಕಾದೆ.

"ಅಯ್ಯ, ಅತ್ತಿ, ಸಣ್ಣಾಕಿ ಇದ್ರಿ. ಗೊತ್ತಿಲ್ದ ಆಗ್ಯಾದ ಬಿಡ್ರಿ," ಎಂದು ಸೊಸೆ ನನ್ನ ಬೆನ್ನು ನೇವರಿಸಿದಳು. "ಆ ಕಾಲದ ಮಂದಿನೇ ಹಂಗ, ಅವ್ವಾ. ಒಂದು ಆಕಳ ಸಲುವಾಗಿ ಇಷ್ಟೆಲ್ಲಾ! ಮನಸಿಗಿ ಹಚ್ಕೋಬ್ಯಾಡ," ಎಂದು ಮಗ ಚಹಾದ ಕಪ್ಪನ್ನು ನನ್ನ ಕೈಗೆ ಕೊಟ್ಟ. ಇಬ್ಬರೂ ಒಳ್ಳೆಯವರು. ನನ್ನನ್ನು ಸಮಾಧಾನ ಮಾಡಲು ಅವರಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

ಕಪ್ಪಿನ ಚಹಾ ಆರುವುದರೊಳಗೆ ನನಗೆ ಕ್ಷಮೆ ಸಿಕ್ಕಿಬಿಟ್ಟಿತು. ಅದಕ್ಕಾಗಿ ಕಾಕಾ ಹನ್ನೆರಡು ದಿನ ಆಕಳಂತೆ ಕೂಗಿದ್ದರು.